ಚಾಲ್ತಿ ಖಾತೆ

ಕೋರ್ಟಿನ ಎದುರು, ಹುಣಸೆಮರಕ್ಕೆ ಅಂಟಿಕೊಂಡ
ನನ್ನ ಜೆರಾಕ್ಸ್ ಅಂಗಡಿಗೆ ಒಂದು ಚಾಲ್ತಿ ಖಾತೆಯಿದೆ.
ಚಾಲ್ತಿ ಅಂತ ಹೆಸರು.
ಓಡುವವಳು ನಾನು; ದುಡ್ಡು ಕೂತಲ್ಲೇ ಕೂತಿರುತ್ತದೆ
ಪೇಷಿಗೆ ಬಂದ ಕಕ್ಷಿದಾರನ ಹಾಗೆ, ನೆರಳಲ್ಲಿ,
ಹೆಸರು ಕೂಗುವವರಿಲ್ಲದೆ.

ಬಡ್ಡಿ ಎಷ್ಟು ಸಾರ್ ಅಂದೆ ಒಮ್ಮೆ.
ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡು
‘ಈ ಖಾತೆಗೆ ಬಡ್ಡಿ ಇರಲ್ಲ ಕಣಮ್ಮ, ಮರ್ಯಾದೆ ಇರುತ್ತೆ’ ಅಂದರು.

ಮರ್ಯಾದೆಯನ್ನು ಮೂರು ತಿಂಗಳಿಗೊಮ್ಮೆ
ಯಾರೂ ಪಾಸ್‌ಬುಕ್ಕಿಗೆ ಏರಿಸುವುದಿಲ್ಲ.
ಅದಕ್ಕೇ ಒಂದು ರಾತ್ರಿ, ಕೆಟ್ಟ ಪ್ರಿಂಟುಗಳ ಬೆನ್ನಮೇಲೆ
ಲೆಕ್ಕ ಬರೆದೆ:
ಉಳಿತಾಯಕ್ಕೆ ಎರಡೂಮುಕ್ಕಾಲು.
ಅಂಚೆ ಕಚೇರಿಯ ಆರ್‌ಡಿಗೆ ಆರೂ ಚಿಲ್ಲರೆ, ಐದು ವರ್ಷ ಕಟ್ಟಬೇಕು.
ಹೊಳಲ್ಕೆರೆ ರಸ್ತೆಯಲ್ಲೊಂದು ಸೊಸೈಟಿ ಒಂಬತ್ತು ಅನ್ನುತ್ತದೆ,
ಅದರ ಬೋರ್ಡಿಗೆ ವರ್ಷಕ್ಕೆರಡು ಸಲ ಹೊಸ ಬಣ್ಣ.
ಒಂಬತ್ತು ಅಂದಾಗ ನನ್ನತ್ತೆ ಓಬಮ್ಮ ಕೇಳಿದ್ದಿಷ್ಟೇ:
‘ಬಡ್ಡಿ ಅವರು ಕೊಡ್ತಾರೆ, ಸರಿ. ಅಸಲು ಯಾರು ಕೊಡ್ತಾರೆ?’

ಕೊನೆಯ ಸಾಲು ಪಿಗ್ಮಿ. ದಿನಕ್ಕೆ ನೂರು.
ಶೇಕಡ ಮೂರು. ವರ್ಷದೊಳಗೆ ಮುರಿದರೆ ಅದೂ ಇಲ್ಲ.
ಅದರ ಕೆಳಗೆ ಎರಡು ಗೆರೆ ಎಳೆದೆ, ಕಾಗದ ಹರಿಯುವಂತೆ.

ಆದರೆ ಪಿಗ್ಮಿ ಅಂದರೆ ಪಾಲಾಕ್ಷಪ್ಪ.
ಏಳು ವರ್ಷದಿಂದ, ಆರಕ್ಕೆ ಹತ್ತು ನಿಮಿಷ ಇರುವಾಗ
ಸ್ಟ್ಯಾಂಡ್ ಮುರಿದ ಟಿವಿಎಸ್ಸನ್ನು ಹುಣಸೆಮರಕ್ಕೆ ಒರಗಿಸಿ
ಕೊರಳಿಗೆ ಮಿಷನ್ನು ನೇತುಹಾಕಿಕೊಂಡು ಬರುವ ಮನುಷ್ಯ.
ಇವತ್ತು ಇಲ್ಲ ಅಂದರೆ ಒಂದು ಮಾತೂ ಆಡದೆ
ಕಲ್ಲಿನ ಮೇಲೆ ಕೂತು, ನೀರು ಕುಡಿದು,
‘ಐವತ್ತಾದರೂ?’ ಅನ್ನುವ ಮನುಷ್ಯ.
ಅವರು ಹಾಗೆ ಕೂರದಿದ್ದರೆ ಆ ನೂರುಗಳೆಲ್ಲ
ಹೂವಾಗಿ, ಮಿರ್ಚಿಯಾಗಿ, ನಾದಿನಿಯ ಕೈಗಡವಾಗಿ
ಕರಗುತ್ತಿದ್ದವು. ಇದನ್ನು
ಯಾವ ಶೇಕಡದಲ್ಲಿ ಬರೆಯಲಿ?

ಹೇಳಬೇಕು, ಈ ವರ್ಷಕ್ಕೆ ನಿಲ್ಲಿಸುತ್ತೇನೆ ಅಂತ.
ಸೋಮವಾರ ಹೇಳಲಿಲ್ಲ. ಮಂಗಳವಾರ ಅಮಾವಾಸ್ಯೆ.
ಬುಧವಾರ ನಡುಮಧ್ಯಾಹ್ನ ಅವರೇ ಬಂದರು, ಮಿಷನ್ನಿಲ್ಲದೆ.
ಬರಿಗೊರಳಲ್ಲಿ ಅವರನ್ನು ನೋಡಿದ್ದು ಅದೇ ಮೊದಲು.
ಮಗಳ ಫೀಜಿಗೆ ಸಾಲ ತೆಗೀಬೇಕು, ಒಂದೆರಡು ಜೆರಾಕ್ಸು.
ಆಧಾರ್. ಕಾಲೇಜಿನ ರಸೀದಿ.
ಆಮೇಲೆ, ಸ್ವಲ್ಪ ತಡೆದು, ಒಂದು ಪಾಸ್‌ಬುಕ್ಕು.

ಗಾಜಿನ ಮೇಲೆ ಬೋರಲು ಹಾಕುವ ಮುನ್ನ ಕಣ್ಣು ಬಿತ್ತು.
ಅಂಚೆ ಕಚೇರಿ. ಆರ್‌ಡಿ. ತಿಂಗಳಿಗೆ ನಾಲ್ಕು ಸಾವಿರ.
ಒಂದು ಕಂತೂ ತಪ್ಪಿಲ್ಲ.
ಹಸಿರು ಬೆಳಕು ಹೋಗಿ ಬರುವಷ್ಟು ಹೊತ್ತು
ಇಬ್ಬರೂ ಮಿಷನ್ನನ್ನೇ ನೋಡಿದೆವು.

‘ನೂರಕ್ಕೆ ಮೂರು ಕಮಿಷನ್ನು’ ಅಂದರು ಪಾಲಾಕ್ಷಪ್ಪ, ಗೋಡೆಗೆ.
‘ಅದನ್ನೂ ಪಿಗ್ಮಿಗೇ ಹಾಕ್ಕೊಂಡ್ರೆ ಏನು ಸಿಗುತ್ತೆ ಕಣಮ್ಮ?’

ತಲೆಯಲ್ಲೇ ಕೂಡಿದೆ.
ವರ್ಷಕ್ಕೆ ನನ್ನದು ಮೂವತ್ತು ಸಾವಿರ.
ಅದರಿಂದ ನನಗೆ ನಾನೂರೈವತ್ತು, ಅವರಿಗೆ ಒಂಬೈನೂರು.
ಸಿಟ್ಟು ಬರಬೇಕಿತ್ತು. ನಗು ಬಂತು.
ಚಿಕ್ಕವಳಿದ್ದಾಗ ಕೋಟೆಯ ಮೇಲೆ ಅಪ್ಪ ತೋರಿಸಿದ್ದ:
ಮೇಲಿನ ಹೊಂಡ ತುಂಬಿದರೆ ಕೋಡಿ ಬಿದ್ದು ಅಕ್ಕ-ತಂಗಿ ಹೊಂಡಕ್ಕೆ,
ಅದು ತುಂಬಿದರೆ ಇನ್ನೂ ಕೆಳಕ್ಕೆ, ಪೇಟೆಯ ಸಂತೆಹೊಂಡದವರೆಗೆ.
ಈ ಕಲ್ಲೂರಲ್ಲಿ ಒಂದು ಹನಿಯನ್ನೂ ಸುಮ್ಮನೆ ಹೋಗಬಿಟ್ಟಿಲ್ಲ.
ಮೇಲಿನ ಹೊಂಡ ನಾನು ಅಂತ
ಯಾವತ್ತೂ ಅಂದುಕೊಂಡಿರಲಿಲ್ಲ.

ಜೆರಾಕ್ಸಿಗೆ ಆರು ರೂಪಾಯಿ. ಬಿಡದೆ ಇಸಕೊಂಡೆ.

ಮಾರನೇ ಬೆಳಿಗ್ಗೆ ಶಟರ್ ಎತ್ತಿದರೆ
ಸಂದಿಯಿಂದ ಒಳಗೆ ತೂರಿಸಿದ್ದ ಅಂಚೆ ಕಚೇರಿಯ ಫಾರಂ:
ಹೆಸರಿನ ಜಾಗ ಖಾಲಿ,
ಎಲ್ಲೆಲ್ಲಿ ಸಹಿ ಅಂತ ಪೆನ್ಸಿಲಿನ ಗುರುತು.

ಆರಕ್ಕೆ ಹತ್ತು ನಿಮಿಷ. ಟಿವಿಎಸ್ಸು ಮರಕ್ಕೊರಗಿತು.
‘ಇವತ್ತು ಎಷ್ಟಮ್ಮ?’
‘ಐವತ್ತು’ ಅಂದೆ.
ಮಿಷನ್ನು ಕಿರ್ರೆಂದು ಚೀಟಿ ಕೊಟ್ಟಿತು.
ಅವರು ಕಲ್ಲಿನ ಮೇಲೆ ಕೂರಲಿಲ್ಲ;
ನೀರು ಮಾತ್ರ ಕೇಳಿದರು.