ಬೆರಳುಗಳಿಗೆ ರಜೆ

ನೀರಿನ ಹಬ್ಬಕ್ಕೆ ಕಾರ್ಖಾನೆ ಮುಚ್ಚಿತು.
ಬಾಗೊ ಊರೆಲ್ಲ ಬಕೆಟ್ಟು ಹಿಡಿದು ಬೀದಿಗಿಳಿದಾಗ
ನಾನು, ನ್ವೇ ಯಿ, ಚುಟ್ಟಾ ಸುತ್ತುವವಳು,
ಕಂದು ಲುಂಗಿ ಎರಡು, ಸೊಳ್ಳೆಪರದೆ ಒಂದು,
ರಕ್ತದೊತ್ತಡದ ಮಾತ್ರೆ ಗಂಟು ಕಟ್ಟಿಕೊಂಡು
ವಿಹಾರದ ಗೇಟು ದಾಟಿದೆ.

ದಿನಕ್ಕೆ ಸಾವಿರ ಚುಟ್ಟಾ, ಇಪ್ಪತ್ತಾರು ವರ್ಷ.
ಎಲೆ ಹಾಸು, ಪುಡಿ ಸುರಿ, ಜೋಳದ ಸಿಪ್ಪೆಯ ಬತ್ತಿ ಇಡು,
ಸುತ್ತು, ಗಂಜಿಯ ಅಂಟು ಸವರು, ಬುಟ್ಟಿಗೆ ಎಸೆ.
ರಾತ್ರಿ ಚಾಪೆಯ ಮೇಲೂ ಹೊದಿಕೆಯ ಅಂಚನ್ನು
ಸುತ್ತುತ್ತಲೇ ಇರುತ್ತವೆ ಬೆರಳು;
ನಿದ್ದೆಯೊಂದು ಮಾತ್ರ ಸುತ್ತಿಗೆ ಸಿಗುವುದಿಲ್ಲ.
ನರ್ಸ್ ಮಾ ಝಿನ್ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಒತ್ತಿ,
"ನೂರ ಎಪ್ಪತ್ತೆರಡು" ಎಂದಿದ್ದಳು,
ಲಾಟರಿ ನಂಬರು ಓದುವ ಹಾಗೆ.

ಸಯಾಡೊ ಹೇಳಿದ್ದು ಇಷ್ಟೇ:
ಹೊಟ್ಟೆ ಉಬ್ಬಿದರೆ ಉಬ್ಬಿತು ಅನ್ನು,
ಇಳಿದರೆ ಇಳಿಯಿತು ಅನ್ನು.
ಇದನ್ನು ಹೇಳಲು ಇಷ್ಟು ದೊಡ್ಡ ಮಂಟಪ ಬೇಕಿತ್ತೆ
ಅಂದುಕೊಂಡೆ.

ಮೊದಲ ದಿನ ಮೊಣಕಾಲು ಮಾತಾಡಿತು.
ಎರಡನೆಯ ದಿನ ಬೈಯಿತು.
ಮೂಗಿನ ತುದಿಯಲ್ಲೊಂದು ನೊಣ ಕೂತು
ನನಗಿಂತ ಚೆನ್ನಾಗಿ ಧ್ಯಾನ ಮಾಡಿತು.
ಗೋಡೆಯಾಚೆ ಲಾರಿ ಮೇಲೆ ಡ್ರಮ್ಮು, ಹುಡುಗರ ಕೇಕೆ,
ನೀರು ಬಿದ್ದ ಟಾರಿನ ವಾಸನೆ.
ಉಬ್ಬಿತು, ಇಳಿಯಿತು, ಉಬ್...
ನಾದಿನಿ ಪ್ಯೋನ್ ಬಂದಳು ತಲೆಯೊಳಗೆ,
ಹನ್ನೊಂದು ವರ್ಷದ ಹಿಂದೆ ಒಯ್ದ ಹೊಲಿಗೆ ಯಂತ್ರದ ಸಮೇತ.
ಅಂದಿನಿಂದ ಆಡದೆ ಇಟ್ಟುಕೊಂಡ ಮಾತೆಲ್ಲ
ಒಂದೂ ಬಿಡದೆ ಆಡಿದೆ, ಕಣ್ಣು ಮುಚ್ಚಿಕೊಂಡು.
ಗಂಟೆ ಬಡಿಯಿತು. ಪಕ್ಕದವಳು ಮೌನ ಮುರಿದು
"ಎಷ್ಟು ಶಾಂತವಾಗಿ ಕೂತಿದ್ದಿರಿ!" ಎಂದು ಪಿಸುಗುಟ್ಟಿದಳು.

ಐದನೆಯ ದಿನ, ಹನ್ನೊಂದಕ್ಕೇ ಉಣ್ಣಿಸಿ
ಕೂರಿಸಿದ ಸುಡುಬಿಸಿಲ ಹೊತ್ತು,
ಬೆವರ ಹನಿಯೊಂದು ಬೆನ್ನಹುರಿಯ ಓಣಿಯಲ್ಲಿ
ಮನೆ ಹುಡುಕುವವನಂತೆ ನಿಂತು ನಿಂತು ಇಳಿಯುತ್ತಿತ್ತು.
ಅದನ್ನೇ ಹಿಂಬಾಲಿಸಿದೆ.
ಪ್ಯೋನ್ ಮತ್ತೆ ಬಂದಳು. ಈ ಸಲ ಅವಳ ಮುಖಕ್ಕಿಂತ ಮೊದಲು
ನನ್ನ ದವಡೆ ಬಿಗಿಯುವುದು ಕಂಡಿತು,
ಎದೆಯ ಮೇಲೆ ಯಾರೋ ಅಕ್ಕಿಮೂಟೆ ಇಳಿಸಿದ್ದು,
ಕಿವಿ ಬಿಸಿಯಾದದ್ದು.
ಓ, ಸಿಟ್ಟೆಂದರೆ ಇದೇನಾ?
ಇಷ್ಟು ವರ್ಷ ಅವಳ ಮನೆಯಲ್ಲಿದೆ ಅಂದುಕೊಂಡದ್ದು
ನನ್ನ ದವಡೆಯ ಕೀಲಲ್ಲಿತ್ತು.
ನೋಡುತ್ತಿದ್ದ ಹಾಗೆ ಮೂಟೆಯಿಂದ ಅಕ್ಕಿ
ಸಣ್ಣ ತೂತಲ್ಲಿ ಸೋರತೊಡಗಿತು, ಅವಸರವಿಲ್ಲದೆ.

ಆಮೇಲೆ ಏನಾಯಿತೆಂದು ಕೇಳಬೇಡಿ.
ಬೆಳಕು ಗಿಳಕು ಕಾಣಲಿಲ್ಲ.
ಬಾವಿಗೆ ಹಗ್ಗ ಬಿಟ್ಟವಳಿಗೆ
ಕೊಡ ನೀರು ಮುಟ್ಟಿದ್ದು ಕೈಗೆ ಗೊತ್ತಾಗುತ್ತದಲ್ಲ,
ಅಷ್ಟು.
ಕಣ್ಣು ತೆರೆದೆ: ತೊಡೆಯ ಮೇಲೆ ಎರಡು ಕೈ,
ಹೊಗೆಸೊಪ್ಪಿನ ಕಂದು ಹತ್ತಿದ ಹತ್ತು ಬೆರಳು,
ಹಾಲು ಕುಡಿದು ಮಲಗಿದ ಬೆಕ್ಕಿನ ಮರಿಗಳಂತೆ
ಒಂದರ ಮೇಲೊಂದು, ಸುಮ್ಮನೆ.
ಅವು ಸುಮ್ಮನಿದ್ದದ್ದನ್ನು ನಾನು ನೋಡಿದ್ದು
ಅದೇ ಮೊದಲು. ಅಳು ಬಂತು.
ಬಂತು ಅಂದೆ.
ಹೋಯಿತು ಅಂದೆ.

ಹಬ್ಬ ಮುಗಿಯಿತು. ಮತ್ತೆ ಬುಟ್ಟಿ, ಮತ್ತೆ ಎಲೆ.
"ನೂರ ನಲವತ್ತೆಂಟು" ಎಂದಳು ಮಾ ಝಿನ್.
"ಮಾತ್ರೆ ಬಿಟ್ಟೀಯ, ಜೋಕೆ" ಎಂದೂ ಅಂದಳು.
ಬಿಟ್ಟಿಲ್ಲ. ಹೊಲಿಗೆ ಯಂತ್ರವೂ ಬಂದಿಲ್ಲ.
ನಿದ್ದೆ ಬರುತ್ತದೆ ಕೆಲವು ರಾತ್ರಿ,
ಕರೆಯದೆಯೂ ಬರುವ ನೆಂಟರ ಹಾಗೆ;
ಬಾರದ ರಾತ್ರಿ ಹೊದಿಕೆಯಡಿ ಕೈಯಿಟ್ಟು
ಹೊಟ್ಟೆಯ ಏರಿಳಿತ ಕಾಯುತ್ತೇನೆ,
ಯಾರದೋ ಮಗುವನ್ನು ನೋಡಿಕೊಳ್ಳುವವಳಂತೆ.

ನಿನ್ನೆ, ಮುನ್ನೂರ ಹನ್ನೆರಡಕ್ಕೂ ಹದಿಮೂರಕ್ಕೂ ನಡುವೆ,
ಎಲೆ ಹಾಸಿದ ಕೈ ಒಂದು ಗಳಿಗೆ ನಿಂತಿತು.
ಮೇಸ್ತ್ರಿ ಕೋ ಲ್ವಿನ್ ಕತ್ತು ಚಾಚಿ,
"ಏನಮ್ಮಾ, ಅಂಟು ಖಾಲಿಯೇ?" ಅಂದ.
ಇಲ್ಲಪ್ಪಾ, ಅಂದೆ.
ಉಬ್ಬಿತು.
ಕಾದೆ.