ಕಳ್ಳಕಿಸೆ

ದುರ್ಗದಬೈಲಿನಾಗ, ಬಳಿ ಅಂಗಡಿ ಪಾವಟಿಗಿ ಕೆಳಗ
ನನ್ನ ಮಷೀನು. ಬೋರ್ಡಿಲ್ಲ.
ಕಿಸೆ ಹೊಲಿಯೋ ಖಾಜೇಸಾಬ ಅಂದ್ರ ತೋರಸ್ತಾರ.
ಮೊದಲ ಜಂಪರು ಹೊಲಿತಿದ್ದೆ, ಪರಕಾರ, ದಿಂಬಿನ ಗಲೀಫು.
ಈಗ ಬರೇ ಕಿಸೆ. ಒಳಗಿನ ಕಿಸೆ.
ಜಂಪರಿನ ಎಡಕ್ಕ, ಪರಕಾರದ ನಡಕ್ಕ,
ಧೋತರದವರಿಗೆ ಬನೀನಿನ ಎದಿಮ್ಯಾಲ
ಒಂದು ಫೋನು ಹಿಡಿಯುವಷ್ಟು ಕತ್ತಲಿ.
ಮೂವತ್ತು ರೂಪಾಯಿ.

ಕಳ್ಳ ಬ್ಲೇಡು ಎಳೀತಾನ, ಅದಕ್ಕ ಕ್ಯಾನ್ವಾಸು ಎರಡು ಪದರ.
ಜಿಪ್ಪು ಬ್ಯಾಡ. ಅದು ಕಳ್ಳನ ಮಾತೂ ಕೇಳತೈತಿ,
ಸುಮ್ಮನ ಬಾಯಿ ತೆರೀತೈತಿ.
ಚಿಟಿಕಿ ಗುಂಡಿ ಹಂಗಲ್ಲ, ತೆಗೆದ್ರ ಟಿಕ್ ಅಂತೈತಿ,
ಸಿಬಿಟಿ ಗದ್ದಲದಾಗೂ
ತೊಟ್ಟ ಮೈಗೆ ಅದು ಕೇಳತೈತಿ.
ಇಷ್ಟೆಲ್ಲಾ ಆದಮ್ಯಾಲ
ಫೋನು ಬಡಕೊಂಡ್ರ ತೆಗಿಯೂದು ಹೆಂಗ ಅನ್ನೂದು
ನನಗ ಸಂಬಂಧಿಲ್ಲ.
ಚಿಗರಿ ಬಸ್ಸಿನಾಗ ನಿಂತ ಹೆಣಮಕ್ಕಳು
ಎದಿಯೊಳಗ ಹಾಡು ಒದರತಿದ್ರೂ
ತಮ್ಮದಲ್ಲ ಅನ್ನೂ ಹಂಗ ಕಿಡಕಿಗೆ ಮುಖ ಮಾಡಿ
ಉಣಕಲ್ಲ ಕೆರಿ ನೋಡತಾರಂತ.

ಹ್ವಾದ ಸೋಮವಾರ ದುಂಡವ್ವ ಬಂದ್ಲು, ಮೆಂತೆ ಮಾರಾಕಿ,
ಪರಕಾರ ಮಡಚಿ ಬಗಲಾಗ ಇಟಗೊಂಡು.
ಫೋನು ಕೊಡವಾ, ಅಳತಿ ತಗೋಬೇಕು.
ಅದು ಹೋತಪ್ಪಾ. ಹೋದದ್ದರ ಅಳತಿಗೇ ಹೊಲಿ.
ಗಾಳಿಯಾಗ ಎರಡೂ ಕೈ ಹಿಡಿದು ತೋರಿಸಿದ್ಲು,
ಇಷ್ಟುದ್ದ, ಇಷ್ಟಗಲ.
ಅಷ್ಟು ದೊಡ್ಡ ಫೋನು ಯಾವ ಕಂಪನಿಯೂ ಮಾಡಿಲ್ಲ.
ನಾನು ಸುಮ್ಮನ ಟೇಪು ಹಿಡದೆ.

ಆಕಿಗೆ ಬರಿಯಾಕ ಬರೂದಿಲ್ಲ.
ಉದ್ರಿ ಒಯ್ದವರ ಫೋಟೋ ಹೊಡಕೋತಿದ್ಲು,
ಎಷ್ಟು ಹತ್ತು ಕೊಡಬೇಕೋ ಅಷ್ಟು ಬೆರಳು ಎತ್ತಿಸಿ.
ನರ್ಸಮ್ಮ ಎರಡು ಬೆರಳು. ಖಾನಾವಳಿ ವೀರಭದ್ರ ಅಂಗೈ ಪೂರಾ.
ಯಾವನೋ ಮಾಸ್ತರ, ನಾಚಿಕೊಂಡು, ಹೆಬ್ಬೆಟ್ಟು.
ನೂರಾ ಹದಿನಾಕು ಮಂದಿ ಕೈ ಎತ್ತಿ ನಿಂತವರು
ಹಳೇ ಬಸ್‌ಸ್ಟ್ಯಾಂಡಿನ ಒಂದ ನೂಕಾಟದಾಗ
ಎತ್ತಿದ ಕೈ ಎತ್ತಿಕೊಂಡ ಹೋಗಿಬಿಟ್ರು.
ಕಳ್ಳ ತೆಗೆದು ನೋಡಿ ಏನ ತಿಳಕೊಂಡನೋ,
ಊರಿಗೂರೇ ತನಗ ಶರಣು ಬಂದೈತಿ ಅಂತ?

ಯಾರರ ಬಂದು ಕೊಟ್ರೇನು?
ಮೂರು ಬೆರಳಿನವ ಬಂದು ನಾಕು ಕೊಟ್ಟ.
ಅಂಗೈ ಪೂರಾದವ ಈಗ ಆ ಸಾಲಿಗೇ ಹಾಯೂದಿಲ್ಲ.
ಮಾಸ್ತರ ದಿನಾ ಬರತಾನ, ನಂದೆಷ್ಟಿತ್ತವಾ ಅಂತಾನ.
ಹೆಬ್ಬೆಟ್ಟು ಹತ್ತಕ್ಕ ಹಿಡದಿದ್ದೆನೋ ಐವತ್ತಕ್ಕೋ,
ಅವಗೂ ನೆನಪಿಲ್ಲ, ನನಗೂ ಇಲ್ಲ.

ಅದ ಸಂಜಿಮುಂದ ಒಬ್ಬ ಹುಡುಗ, ಎರಡು ಹೊಸ ಪ್ಯಾಂಟು ತಂದ.
ಮೊಣಕಾಲಿನ ಒಳಮಗ್ಗಲಕ್ಕ ಒಂದೊಂದು, ಹಿಂದ ಒಂದೊಂದು.
ಇಷ್ಟು ಫೋನು ಅದಾವೇನಪಾ ನಿನ್ನ ಕಡೆ?
ನಕ್ಕ. ಬೆರಳು ಉದ್ದ, ಉಗುರು ಸ್ವಚ್ಛ.
ಗುಂಡಿ ಸಪ್ಪಳ ಮಾಡಬಾರದು ಅಂದ.
ಕಳ್ಳಕಿಸೆ ಅಂತ ಹೆಸರಿಟ್ಟವ ಯಾರೋ ಪುಣ್ಯಾತ್ಮ,
ಕಳ್ಳನ ಕೈಯಿಂದ ಕಾಯೂ ಕಿಸೆಯೋ, ಕಳ್ಳಂದೇ ಕಿಸೆಯೋ
ಬಿಡಿಸಿ ಹೇಳಲಾರದ ಹೋಗ್ಯಾನ.
ಅಡ್ವಾನ್ಸು ತಗೊಂಡೆ. ಸುಳ್ಳ್ಯಾಕ ಹೇಳ್ಲಿ.

ಅಂವ ಓಣಿ ತಿರುಗಿದ ಮ್ಯಾಲ ನೋಡ್ತೀನಿ, ನನ್ನ ಫೋನಿಲ್ಲ.
ಅರಿವಿ ಝಾಡಿಸಿದೆ, ಬಾಬಿನ್ ಡಬ್ಬಿ ಸುರುವಿದೆ.
ಬಳಿ ಅಂಗಡಿ ಮಾಲಕ, ಚಾ ತರೂ ಪೋರ,
ನಮಾಜಿಗೆ ಕರಿಯಾಕ ಬಂದ ಸ್ವಂತ ಮಾವ,
ಒಬ್ಬೊಬ್ಬರನ್ನೂ ಮನಸಿನಾಗ ಕಳ್ಳರನ್ನ ಮಾಡಿ ಮುಗಿಸಿದ್ದೆ,
ಆಗ ಎದಿಮ್ಯಾಲ ಝುಂ ಅಂತು,
ನಾನ ಹೊಲದ ಕಿಸೆಯೊಳಗ.
ಅಷ್ಟು ಚಲೋ ಹೊಲದಿದ್ದೆ.

ಆ ಪ್ಯಾಂಟು ಇನ್ನೂ ಮಳಿಗೆ ಜೋತಾಡತಾವು.

ಗುರುವಾರ ದುಂಡವ್ವ ಪರಕಾರ ಒಯ್ಯಾಕ ಬಂದ್ಲು.
ಕಿಸೆಯೊಳಗ ಕೈ ಇಳಿಬಿಟ್ಟು, ತಳ ಮುಟ್ಟಿ,
ಬೆಚ್ಚಗೈತಿ, ಅಂದ್ಲು.
ರೊಕ್ಕ ಇರಲಿಲ್ಲ.
ಹಿಂದಕ್ಕ ಸರದು, ಸೆರಗು ಸರಿ ಮಾಡ್ಕೊಂಡು,
ಬಿಸಲಿಗೆ ಮುಖ ಕೊಟ್ಟು
ಮೂರು ಬೆರಳು ಎತ್ತಿ ನಿಂತ್ಲು,
ಉಗುರಸಂದ್ಯಾಗ ಮೆಂತೆ ಹಸರು.
ಫೋನು ತೆಗಿಯಾಕ ನನಗ ಹೊತ್ತು ಹಿಡೀತು.
ಆಕಿ ಕೈ ಇಳಸಲಿಲ್ಲ.