ಜಿನ್ನಿನ ತಿರುವು

ಪಾಲಿಕೆ ಕೊಟ್ಟ ಅಳತೆಯ ಗಾಲಿ
ಸುತ್ತಿಗೊಂದು ಮೀಟರು,
ಸುತ್ತಿಗೊಮ್ಮೆ ಟಕ್ ಎನ್ನುತ್ತದೆ.
ಅದನ್ನು ತಳ್ಳಿಕೊಂಡು ಓಣಿ ಓಣಿ ತಿರುಗಿ
ವಿಜಯಪುರದಲ್ಲಿ ನನಗೊಂದು ಹೆಸರು ಬಿದ್ದಿದೆ:
ಗಾಲಿ ಬಾಯಾರು.

ಜಿನ್ನಿನ ತಿರುವಿಗೆ ನಾನು ಹೋದದ್ದು
ಮೂರನೆಯ ಅರ್ಜಿಗೆ.
ಮೊದಲಿನೆರಡು ಯಾವ ಕಪಾಟಿನಲ್ಲಿವೆಯೋ.
ಮೂರನೆಯದರಲ್ಲಿ ಶಾಲೆ ಮಕ್ಕಳ ಸಹಿ;
ಒಬ್ಬಳು ಹೆಸರಿನ ಪಕ್ಕ ಗುಂಡಿಯ ಚಿತ್ರ ಬರೆದು
ಅದರೊಳಗೊಂದು ಮೀನು ಬಿಟ್ಟಿದ್ದಳು.

ಅರಳೆ ಇಲ್ಲ, ಜಿನ್ನೂ ಇಲ್ಲ,
ಹೆಸರಷ್ಟೇ ಉಳಿದ ತಿರುವು.
ಈಚೆಗೆ ಪಂಕ್ಚರ್ ಅಂಗಡಿ,
ಆಚೆಗೆ ಬಾದಶಹರ ಕಾಲದ ಗೋಡೆಯ ತುಂಡು,
ಒಂದು ಕಲ್ಲು ಅಲುಗಿಸಿದರೂ
ಪುರಾತತ್ವದವರ ಪತ್ರ ಬರುತ್ತದೆ.
ರಸ್ತೆ ಅಗಲವಾಗದು, ಗೋಡೆ ಸರಿಯದು.
ಸರಿಯಬೇಕಾದವರು ಮನುಷ್ಯರೇ.

ನಮೂನೆಯಲ್ಲೊಂದು ಕಲಂ:
ಮೂರು ವರ್ಷದಲ್ಲಿ ಅಪಘಾತ ಎಷ್ಟು?
ಠಾಣೆಯ ಪುಸ್ತಕದಲ್ಲಿ ಎರಡು.
ಎರಡಕ್ಕೆ ಏನು ಬಂದೀತು?
ಒಂದು ಫಲಕ, ಅದೂ ತುಕ್ಕು ಹಿಡಿದದ್ದು.

ಪಂಕ್ಚರಿನ ಸಿದರಾಯ ಮಾತಾಡಲಿಲ್ಲ,
ತೂಗುಹಾಕಿದ ಟೈರು ಸರಿಸಿ ಗೋಡೆ ತೋರಿಸಿದ.
ಸುಣ್ಣದ ಗೀಟುಗಳು, ಐದೈದರ ಕಟ್ಟು.
“ಬಿದ್ದವ್ರು ಇವ್ರು. ಸ್ಟೇಶನ್ನಿಗೆ ಯಾರು ಹೋಗ್ತಾರ್ರೀ?
ಎದ್ದು, ಮೊಣಕಾಲು ಝಾಡಿಸ್ಕೊಂಡು,
ಯಾರರೆ ನೋಡಿದ್ರೇನು ಅಂತ ಸುತ್ತ ನೋಡಿ
ಹೋಗೇ ಬಿಡ್ತಾರ.”
ನಲವತ್ತೊಂದು ಎಣಿಸಿದೆ.
ಒಂದಕ್ಕೆ ಮಾತ್ರ ಸುತ್ತು ಹಾಕಿತ್ತು.
ನಾನು ಕೇಳುವ ಮೊದಲೇ ಅಂದ:
“ಅದು ನಮ್ಮವ್ವ. ಈಗ ಕೋಲು ಹಿಡದು ಅಡ್ಡಾಡ್ತಾಳ.”

ಅಷ್ಟರಲ್ಲಿ ದಸ್ತಗೀರಸಾಬನ ಟಾಂಗಾ ಬಂತು.
ಲಗಾಮು ಸಡಿಲ, ಅವನು ಅರೆನಿದ್ದೆ.
ಕುದುರೆ ರೇಶ್ಮಾ ಗುಂಡಿ ಹತ್ತಿರ ಬರುತ್ತಲೇ
ಒಂದು ಮೊಳ ಎಡಕ್ಕೆ ಸರಿದು,
ಮತ್ತೆ ನೆಟ್ಟಗಾಗಿ ಹೋಯಿತು.
ನನ್ನ ಗಾಲಿ ಸುಮ್ಮನೆ ನೋಡುತ್ತಿತ್ತು.

ಕಚೇರಿಯಲ್ಲಿ ಬರೆದೆ:
ಸ್ಥಳೀಯ ದಾಖಲೆಯ ಪ್ರಕಾರ ನಲವತ್ತೊಂದು.
ಯಾವ ದಾಖಲೆ, ಯಾರ ದಾಖಲೆ,
ಒಬ್ಬರೂ ಕೇಳಲಿಲ್ಲ.
ಮಾರ್ಚ್ ತಿಂಗಳು. ಹಣ ಖರ್ಚಾಗಬೇಕಿತ್ತು.

ಇಪ್ಪತ್ತೊಂಬತ್ತರ ರಾತ್ರಿ ಡಾಂಬರು ಬಂತು.
ಗುಂಡಿಯ ಬಾಯಿ ಕಟ್ಟಿತು.
ಉಬ್ಬು ಹತ್ತೇ ಸೆಂಟಿಮೀಟರು ಇರಲೆಂದು
ಬಿಸಿ ನೆಲಕ್ಕೆ ಮೊಣಕಾಲೂರಿ
ಪಟ್ಟಿ ಹಿಡಿದು ನೋಡಿದೆ,
ಸೀರೆಯ ನಿರಿಗೆಗೆ ಹತ್ತಿದ ಕಪ್ಪು ಇನ್ನೂ ಹೋಗಿಲ್ಲ.
ಬಿಳಿ ಬಳಿದು, ಹಸಿ ಇರುವಾಗಲೇ
ಸೇಂಗಾ ಹೋಳಿಗೆಗೆ ಸಕ್ಕರೆ ಉದುರಿಸಿದ ಹಾಗೆ
ಗಾಜಿನ ಹರಳು ಉದುರಿಸಿದರು.
ಲಾರಿಯ ಬೆಳಕು ಬಿದ್ದಾಗ
ನೆಲ ಒಮ್ಮೆ ನಕ್ಕಿತು.

ಬೆಳಿಗ್ಗೆ ಸ್ಕೂಟರುಗಳು ತಗ್ಗಿ ಬಗ್ಗಿ ದಾಟಿದವು.
ಮೀನಿನ ಹುಡುಗಿ ಯಾರೆಂದು ತಿಳಿಯಲಿಲ್ಲ,
ಬಿಳಿಪಟ್ಟಿ ಮೇಲೆ ಎಲ್ಲ ಮಕ್ಕಳೂ ಜಿಗಿಯುತ್ತಿದ್ದರು.
ಸಿದರಾಯ ಸುಣ್ಣದ ತುಂಡು ಕಿವಿಗೆ ಸಿಕ್ಕಿಸಿ ಕೂತಿದ್ದ.
“ಪಂಕ್ಚರೂ ಕಡಿಮಿ ಆದೂವ್ರಿ” ಅಂದ,
ಹೊಗಳಿಕೆಯೋ ತಕರಾರೋ.

ಆಮೇಲೆ ಟಾಂಗಾ ಬಂತು.
ರೇಶ್ಮಾ ಉಬ್ಬು ಹತ್ತಿತು, ಇಳಿಯಿತು,
ನುಣ್ಣನೆಯ ಹೊಸ ಡಾಂಬರಿನ ಹತ್ತಿರ ಬರುತ್ತಲೇ
ಒಂದು ಮೊಳ ಎಡಕ್ಕೆ ಸರಿಯಿತು.
“ರಸ್ತಾ ಆಗೇದ, ಹುಚ್ಚಿ!”
ದಸ್ತಗೀರಸಾಬ ನಾಚಿ ಲಗಾಮು ಜಗ್ಗಿದ.
ಅದು ಕಿವಿ ಆಡಿಸಿತು ಅಷ್ಟೇ.

ಗುತ್ತಿಗೆದಾರ ಗುಗ್ಗರಿ ಪೆನ್ನು ಚಾಚಿ ನಿಂತಿದ್ದ.
ಕೆಲಸ ಮುಗಿದಿದೆ ಎಂದು ಸಹಿ ಹಾಕಿದೆ.
ಕೆಳಗೆ ಸಣ್ಣಗೆ ಸೇರಿಸಿದೆ:
ಠೇವಣಿ ಮಾತ್ರ
ಒಂದು ಮಳೆಗಾಲ ದಾಟುವ ತನಕ ಬಿಡತಕ್ಕದ್ದಲ್ಲ.
“ಕಾರಣ?” ಎಂದು ಅಚ್ಚಾದ ಜಾಗವಿತ್ತು.
ಕುದುರೆ ಎಂದು ಹೇಗೆ ಬರೆಯಲಿ?
ಖಾಲಿ ಬಿಟ್ಟು ಗಾಲಿ ತಿರುಗಿಸಿದೆ.
ಟಕ್.